ಬದನಿಕೆ ನೋಡ್ಬೇಕಾ? ಹಕ್ಕಿ ಹುಡುಕಬೇಡಿ, ಹಣ್ಣಿನ ಮರ ಹುಡುಕಿ

ಬೆಂಗಳೂರು, ಮೈಸೂರು, ತುಮಕೂರು, ಯಾವ ಊರೇ ಆಗ್ಲಿ, ನಿಮ್ಮ ಮನೆ ಹತ್ರದಲ್ಲೇ ಎಲ್ಲೋ ಈ ಹಕ್ಕಿ ಇರೋ ಚಾನ್ಸ್ ತುಂಬಾನೇ ಜಾಸ್ತಿ, ಆದ್ರೂ ಬರ್ಡಿಂಗ್ ಶುರು ಮಾಡಿ ಎಷ್ಟೋ ದಿನ ಆದವ್ರು ಕೂಡ "ಬದನಿಕೆ ಇನ್ನೂ ಸಿಕ್ಕಿಲ್ಲ" ಅಂತ ಹೇಳೋದು ಕೇಳ್ತಾನೇ ಇರ್ತೀನಿ. ಕಾರಣ ಸಿಂಪಲ್. ಇದು ಪುಟಾಣಿ, ಮೈಮೇಲೆ ಹೇಳ್ಕೊಳೋ ಅಂಥ ಬಣ್ಣ ಇಲ್ಲ, ಮರದ ಮೇಲ್ಗಡೆ ಎಲೆ ಮಧ್ಯೆನೇ ಓಡಾಡ್ತಾ ಇರತ್ತೆ, ಒಂದು ಕಡೆ ನೆಟ್ಟಗೆ ಕೂರಲ್ಲ. ಕೆರೆ ಏರಿ ಮೇಲೆ ಬೈನಾಕ್ಯುಲರ್ ಹಿಡ್ಕೊಂಡು ನಡ್ಕೊಂಡು ಹೋಗ್ತಾ ಏನು ಕಾಣತ್ತೋ ಅದನ್ನ ನೋಡೋ ಸ್ಟೈಲಲ್ಲಿ ಹೋದ್ರೆ ಇದು ಸಿಗಲ್ಲ. ಇದಕ್ಕೆ ಬೇರೆ ಮೆಥಡ್ ಬೇಕು. ಅದನ್ನೇ ಹಂತ ಹಂತವಾಗಿ ಹೇಳ್ತೀನಿ, ಮಧ್ಯೆ ಸ್ವಲ್ಪ ಅಡ್ಡದಾರಿ ಹಿಡಿದ್ರೆ ಅಡ್ಜಸ್ಟ್ ಮಾಡ್ಕೊಳಿ.

ಯಾವ ಹಕ್ಕಿ ಬಗ್ಗೆ ಮಾತಾಡ್ತಾ ಇದೀವಿ ಅನ್ನೋದು ಮೊದ್ಲು ಕ್ಲಿಯರ್ ಆಗ್ಲಿ. ಇಂಗ್ಲಿಷಲ್ಲಿ ಪೇಲ್ ಬಿಲ್ಡ್ ಫ್ಲವರ್‌ಪೆಕರ್ ಅಂತಾರಲ್ಲ, ಅದು. ಹಳೇ ಪುಸ್ತಕಗಳಲ್ಲಿ ಟಿಕೆಲ್ಸ್ ಫ್ಲವರ್‌ಪೆಕರ್ ಅಂತ ಇರತ್ತೆ, ಎರಡೂ ಒಂದೇ. ಉದ್ದ ಕೊಕ್ಕಿಂದ ಬಾಲದ ತುದಿವರೆಗೆ ಸುಮಾರು 8 ಸೆಂಟಿಮೀಟರ್, ತೂಕ 10 ಗ್ರಾಂ ಕೂಡ ಮುಟ್ಟಲ್ಲ. ಗುಬ್ಬಚ್ಚಿ 15 ಸೆಂಟಿಮೀಟರ್ ಹತ್ರ ಇರತ್ತೆ ಅಂದ್ಮೇಲೆ ಇದು ಅದರ ಅರ್ಧ ಸೈಜು. ಭಾರತದ ಅತಿ ಚಿಕ್ಕ ಹಕ್ಕಿಗಳ ಲಿಸ್ಟ್ ಮಾಡಿದ್ರೆ ಮೇಲ್ಗಡೆ ಸಾಲಲ್ಲೇ ಇರತ್ತೆ. ಇನ್ನೊಂದು ಮಾತು, ಮರದ ಮೇಲೆ ಬೆಳೆಯೋ ಪರಾವಲಂಬಿ ಗಿಡಕ್ಕೂ ಕೆಲವು ಕಡೆ ಬದನಿಕೆ ಅಂತಾನೇ ಹೇಳ್ತಾರೆ, ಗೊಂದಲ ಆಗ್ಬಾರ್ದು ಅಂತ ಇಲ್ಲಿ ಹಕ್ಕಿಗೆ ಬದನಿಕೆ, ಗಿಡಕ್ಕೆ ಬಂದಳಿಕೆ ಅಂತ ಬರೀತೀನಿ.

ಹಂತ 1: ಮರ ಹುಡುಕೋದು

ಗಸಗಸೆ ಹಣ್ಣಿನ ಮರ ಗೊತ್ತಲ್ಲ, ಸ್ಕೂಲ್ ಬಿಟ್ಟು ಬರ್ತಾ ದಾರೀಲಿ ಕಿತ್ಕೊಂಡು ತಿಂತಾ ಇದ್ದ ಚಿಕ್ಕ ಕೆಂಪು ಹಣ್ಣು, ಬಾಯಲ್ಲಿಟ್ಟು ಒತ್ತಿದ್ರೆ ಸಿಹಿ ರಸ, ಒಳಗೆ ಲೆಕ್ಕ ಇಲ್ದಷ್ಟು ಸಣ್ಣ ಸಣ್ಣ ಬೀಜ. ಕೆಲವರು ಸಿಂಗಾಪುರ ಚೆರ್ರಿ ಅಂತಾರೆ. ಮೂಲ ನಮ್ಮದಲ್ಲ, ಅಮೆರಿಕದ ಉಷ್ಣವಲಯದಿಂದ ಬಂದಿದ್ದು, ಆದ್ರೆ ಈಗ ನಮ್ಮ ಊರುಗಳಲ್ಲಿ ಮೋರಿ ಪಕ್ಕ, ಖಾಲಿ ಸೈಟು, ಕಾಂಪೌಂಡ್ ಸಂದಿ, ಫುಟ್‌ಪಾತ್ ಎಲ್ಲಿ ನೋಡಿದ್ರೂ ಅದೇ. ಯಾರೂ ನೆಟ್ಟಿದ್ದಲ್ಲ, ಬಹುತೇಕ ಹಕ್ಕಿ ಬಾವಲಿಗಳೇ ನೆಟ್ಟಿದ್ದು. ವರ್ಷದಲ್ಲಿ ಬಹುಪಾಲು ದಿನ ಒಂದಲ್ಲ ಒಂದು ಕೊಂಬೇಲಿ ಹಣ್ಣು ಇದ್ದೇ ಇರತ್ತೆ, ಅದೇ ಇದರ ಪ್ಲಸ್ ಪಾಯಿಂಟ್, ಸೀಸನ್ ಕಾಯ್ಬೇಕಾಗಿಲ್ಲ.

ಮರ ಗುರುತು ಹಿಡಿಯೋಕೆ: ಕೊಂಬೆಗಳು ಅಡ್ಡಡ್ಡ ಚಾಚಿಕೊಂಡು ಛತ್ರಿ ಬಿಚ್ಚಿದ ಹಾಗೆ ಅಗಲಕ್ಕೆ ಇರ್ತವೆ, ಎಲೆ ಎರಡೂ ಕಡೆ ಸಾಲಾಗಿ, ಅಂಚು ಗರಗಸದ ಹಲ್ಲು, ಮುಟ್ಟಿದ್ರೆ ಸ್ವಲ್ಪ ಅಂಟು ಅಂಟು. ಹೂವು ಐದು ಎಸಳಿನ ಬಿಳೀದು. ಹೂವು ಕೊಂಬೆ ಮೇಲ್ಗಡೆ ನೋಡ್ತಾ ಇದ್ರೆ ಹಣ್ಣು ಎಲೆ ಕೆಳಗೆ ನೇತಾಡ್ತಾ ಇರತ್ತೆ, ಹಾಗಾಗಿ ಮರದ ಕೆಳಗೆ ನಿಂತು ಮೇಲೆ ನೋಡಿದ್ರೆನೇ ಹಣ್ಣು ಕಾಣೋದು. ಎರಡು ಮೂರು ಮರ ಒಟ್ಟಿಗೆ ಇರೋ ಜಾಗ ಸಿಕ್ಕಿದ್ರೆ ಇನ್ನೂ ಒಳ್ಳೇದು.

ಗಸಗಸೆ ಮರ ಸಿಗ್ಲಿಲ್ವಾ, ಪ್ಲಾನ್ ಬಿ ಇದೆ: ಬಂದಳಿಕೆ ಹಿಡಿದಿರೋ ಮರ. ಮಾವು, ಹೊಂಗೆ, ಸಪೋಟ, ಸೀಬೆ ಇಂಥ ಮರಗಳನ್ನ ದೂರದಿಂದ ನೋಡಿ. ಮರದ ಎಲೆಗೂ ಹೊಂದದೆ ಇರೋ ಬೇರೆ ಥರದ ದಪ್ಪ ಎಲೆಯ ಗುಪ್ಪೆ ಒಂದು ಕೊಂಬೇಲಿ ಮಾತ್ರ ಇದ್ರೆ, ಅದರಲ್ಲಿ ಉದ್ದ ಕೊಳವೆ ಆಕಾರದ ಕಿತ್ತಳೆ ಕೆಂಪು ಹೂವು ಇದ್ರೆ, ಅದೇ ಬಂದಳಿಕೆ. ಹೊಂಗೆ ಮರ ಎಲೆ ಉದುರಿಸಿ ಬೋಳಾಗೋ ಟೈಮಲ್ಲಿ ಇದು ಮಾತ್ರ ಹಸಿರಾಗಿ ಎದ್ದು ಕಾಣತ್ತೆ, ಹುಡುಕೋಕೆ ಅದೇ ಬೆಸ್ಟ್ ಟೈಮ್. ಲಂಟಾನ ಪೊದೆ ಹಣ್ಣಿಗೂ ಬದನಿಕೆ ಬರತ್ತೆ, ಆದ್ರೆ ಪೊದೆ ಹತ್ರ ಕಾಯೋದು ತಲೆನೋವು, ನಾನು ರೆಕಮೆಂಡ್ ಮಾಡಲ್ಲ.

ಇನ್ನು ಜಾಗದ ವಿಷಯ. ಕಾಡೇ ಬೇಕು ಅಂತೇನಿಲ್ಲ. ಹಿಮಾಲಯದ ತಪ್ಪಲಿಂದ ಹಿಡಿದು ಕನ್ಯಾಕುಮಾರಿ ತನಕ, ಆಮೇಲೆ ಶ್ರೀಲಂಕಾದಲ್ಲಿ, ಆ ಕಡೆ ಬಾಂಗ್ಲಾದೇಶದಲ್ಲೂ ಇದೆ, ಎಲೆ ಉದುರೋ ಕಾಡು, ಮಾವಿನ ತೋಪು, ಊರೊಳಗಿನ ತೋಟ ಎಲ್ಲಾ ಒಗ್ಗತ್ತೆ. ಬೆಂಗಳೂರಲ್ಲಿ ಲಾಲ್‌ಬಾಗ್, ಕಬ್ಬನ್ ಪಾರ್ಕ್, ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಕ್ಯಾಂಪಸ್, ಮೈಸೂರಲ್ಲಿ ಕಾರಂಜಿ ಕೆರೆ ಇಲ್ಲೆಲ್ಲಾ ಟ್ರೈ ಮಾಡಬಹುದು, ಆದ್ರೆ ನಿಮ್ಮ ರಸ್ತೆ ತುದಿಯ ಗಸಗಸೆ ಮರಕ್ಕಿಂತ ಅವು ಬೆಟರ್ ಅಂತೇನೂ ಹೇಳಲ್ಲ, ಅಲ್ಲಿ ಮರ ಎತ್ತರ, ಕತ್ತು ನೋವು ಬರತ್ತೆ ಅಷ್ಟೇ.

ಹಂತ 2: ನಿಂತ್ಕೊಂಡು ಕೇಳೋದು

ಬೆಳಿಗ್ಗೆ ಏಳರಿಂದ ಒಂಬತ್ತೂವರೆ ಒಳಗೆ ಹೋಗಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಬರೋ ಹಾಗೆ ನಿಂತ್ಕೊಳಿ, ಇದು ತುಂಬಾ ಮುಖ್ಯ, ಯಾಕಂದ್ರೆ ಆಕಾಶದ ಬೆಳಕಿಗೆ ಎದುರಾಗಿ ನೋಡಿದ್ರೆ ಎಲ್ಲಾ ಚಿಕ್ಕ ಹಕ್ಕಿನೂ ಕಪ್ಪು ಚುಕ್ಕೆನೇ, ಗುರುತು ಹಿಡಿಯೋಕೆ ಬೇಕಾಗಿರೋ ಕೊಕ್ಕಿನ ಬಣ್ಣ ಕಾಣೋದೇ ಇಲ್ಲ. ಮರದಿಂದ ಏಳೆಂಟು ಮೀಟರ್ ದೂರ ಸಾಕು.

ಬೈನಾಕ್ಯುಲರ್ ಕಣ್ಣಿಗೆ ಇಡ್ಬೇಡಿ ಇನ್ನೂ. ಸುಮ್ನೆ ಕೇಳಿ. ಬದನಿಕೆ ಬಂದ್ರೆ ಮೊದ್ಲು ಬರೋದು ಕೂಗು, "ಟಿಕ್... ಟಿಕ್... ಟಿಕ್ ಟಿಕ್" ಅಂತ ಒಣಗಿದ, ಚೂಪಾದ, ಗಟ್ಟಿ ಶಬ್ದ. ಇಷ್ಟು ಚಿಕ್ಕ ಮೈಗೆ ಇಷ್ಟು ಜೋರು ಶಬ್ದ ಎಲ್ಲಿಂದ ಬರತ್ತೆ ಅನ್ನಿಸತ್ತೆ. ಹಾರುವಾಗ್ಲೂ ಬಿಡಲ್ಲ, ಒಂದು ಮರದಿಂದ ಇನ್ನೊಂದಕ್ಕೆ ಹೋಗ್ತಾ ಟಿಕ್ ಟಿಕ್ ಅಂತಾನೇ ಹೋಗತ್ತೆ, ನಿಮ್ಮ ತಲೆ ಮೇಲೆ ಹೋದ್ರೂ ಕಣ್ಣಿಗೆ ಬೀಳಲ್ಲ, ಕಿವಿಗೆ ಬೀಳತ್ತೆ. ಇದರ ಜೊತೆ ಒಮ್ಮೊಮ್ಮೆ ಬೇಗ ಬೇಗ ಚಿಲಿಪಿಲಿ ಅನ್ನೋ ಸಣ್ಣ ಹಾಡೂ ಇದೆ, ಅದು ಬಿಗಿನರ್ಸ್‌ಗೆ ಕನ್ಫ್ಯೂಸ್ ಆಗತ್ತೆ, ಬಿಟ್ಬಿಡಿ, ಟಿಕ್ ಒಂದು ಹಿಡ್ಕೊಳಿ ಸಾಕು.

ಮರ್ಲಿನ್ ಆ್ಯಪ್ ಇರೋರು ಕೂಗು ಕೇಳಿ ಹಕ್ಕಿ ಹೆಸರು ಹೇಳೋ ಸೌಂಡ್ ಐಡಿ ಆನ್ ಮಾಡಬಹುದು, ಹೆಲ್ಪ್ ಆಗತ್ತೆ. ಆದ್ರೆ ಅದು ಹೇಳಿದ್ದೇ ಫೈನಲ್ ಅಂತ ತಗೋಬೇಡಿ, ಸೂರಕ್ಕಿ (ಸನ್‌ಬರ್ಡ್) ಕೂಗು, ಟುವ್ವಿ ಹಕ್ಕಿಯ (ಟೇಲರ್‌ಬರ್ಡ್) ಬಿಡಿ ಕೂಗು ಎಲ್ಲಾ ಅದೇ ಮರದಲ್ಲಿ ಒಟ್ಟಿಗೆ ನಡೀತಾ ಇರತ್ತೆ, ಜೊತೆಗೆ ರಸ್ತೆಯ ಹಾರ್ನು. ದಯವಿಟ್ಟು ಕೂಗನ್ನ ಸ್ಪೀಕರಲ್ಲಿ ಪ್ಲೇ ಮಾಡಿ ಹಕ್ಕಿ ಕರೆಯೋ ಕೆಲಸ ಮಾಡ್ಬೇಡಿ. ಗೂಡು ಕಟ್ಟೋ ಟೈಮಲ್ಲಂತೂ ಬೇಡವೇ ಬೇಡ, ಬೇರೆ ಯಾವ್ದೋ ಹಕ್ಕಿ ನನ್ನ ಏರಿಯಾಗೆ ಬಂತು ಅಂತ ಅದು ಗೂಡು ಬಿಟ್ಟು ಜಗಳಕ್ಕೆ ಬರತ್ತೆ, ಸುಮ್ಸುಮ್ನೆ ಅದರ ಎನರ್ಜಿ ವೇಸ್ಟು.

ಹಂತ 3: ಗುರುತು ಹಿಡಿಯೋದು, ಇಲ್ಲೇ ಎಲ್ಲರೂ ಎಡವೋದು

ಕೂಗು ಬಂದ ಕಡೆ ಎಲೆ ಅಲ್ಲಾಡಿದ್ದು ಕಂಡ್ರೆ ಬೈನಾಕ್ಯುಲರ್ ಎತ್ತಿ. ನೋಡ್ಬೇಕಾಗಿರೋದು ಮೂರೇ: ಕೊಕ್ಕು, ಹೊಟ್ಟೆ, ಬಾಲ. ಬೆನ್ನು ನೋಡ್ತಾ ಟೈಮ್ ಕಳೀಬೇಡಿ, ಅದು ಬೂದು ಕಂದು ಸ್ವಲ್ಪ ಆಲಿವ್ ಹಸಿರು, ಅದರಲ್ಲಿ ಏನೂ ಸಿಗಲ್ಲ.

ಬದನಿಕೆಯ ಕೊಕ್ಕು ಗಿಡ್ಡ, ಸ್ವಲ್ಪವೇ ಬಾಗಿದ್ದು, ಬಣ್ಣ ತಿಳಿ ಗುಲಾಬಿ, ನಮ್ಮ ಉಗುರಿನ ಬಣ್ಣ ಅನ್ನಿ. ಹೊಟ್ಟೆ ಮಾಸಲು ಬಿಳಿ ಬೂದು, ಒಂದೇ ಒಂದು ಗೆರೆ ಇಲ್ಲ. ಬಾಲ ತುಂಬಾ ಚಿಕ್ಕದು, ಕಟ್ ಮಾಡಿದ ಹಾಗೆ ಮುಗಿದು ಹೋಗತ್ತೆ. ಗಂಡು ಹೆಣ್ಣು ಎರಡೂ ಒಂದೇ ಥರ, ನೋಡಿ ಹೇಳೋಕಾಗಲ್ಲ.

ಈಗ ಯಾವ್ದರ ಜೊತೆ ಕನ್ಫ್ಯೂಸ್ ಆಗತ್ತೆ ಅಂದ್ರೆ, ಮೊದಲನೇದು ಸೂರಕ್ಕಿಯ ಹೆಣ್ಣು. ಗಂಡು ಸೂರಕ್ಕಿ ಹೊಳೆಯೋ ಬಣ್ಣ, ಪ್ರಾಬ್ಲಮ್ ಇಲ್ಲ, ಹೆಣ್ಣು ಮಾತ್ರ ಕಂದು, ಸೈಜು ಕೂಡ ಹತ್ರ ಹತ್ರ, ಅದೇ ಮರಕ್ಕೇ ಬರೋದು. ಆದ್ರೆ ಸೂರಕ್ಕಿ ಕೊಕ್ಕು ಉದ್ದ, ಕಪ್ಪು, ಚೆನ್ನಾಗಿ ಬಾಗಿದೆ, ಹೊಟ್ಟೆ ಹಳದಿ. ಕೊಕ್ಕು ತಲೆಗಿಂತ ಉದ್ದ ಕಂಡ್ರೆ ಸೂರಕ್ಕಿ, ಚಿಕ್ಕದಿದ್ರೆ ಬದನಿಕೆ, ಅಲ್ಲಿಗೆ ಕೇಸ್ ಕ್ಲೋಸ್. ಟುವ್ವಿ ಹಕ್ಕಿ ಬಾಲ ಎತ್ತಿ ನಿಲ್ಲಿಸ್ಕೊಂಡು ಓಡಾಡತ್ತೆ, ತಲೆ ಮೇಲೆ ಕೆಂಗಂದು ಬಣ್ಣ ಇದೆ, ಅದೂ ಸುಲಭ. ಕಣ್ಣ ಸುತ್ತ ಬಿಳಿ ಉಂಗುರ ಇದ್ರೆ ಬೆಳ್ಗಣ್ಣ, ಅವು ಗುಂಪಲ್ಲಿ ಬರ್ತವೆ.

ನಿಜವಾದ ಕಷ್ಟ ಇದರದ್ದೇ ಫ್ಯಾಮಿಲಿಯ ಇನ್ನೊಂದು ಹಕ್ಕಿ, ದಪ್ಪ ಕೊಕ್ಕಿನ ಬದನಿಕೆ. ಅದೂ ನಮ್ಮ ಊರುಗಳಲ್ಲಿ ಇದೆ, ಅಪರೂಪ ಏನಲ್ಲ. ಅದರ ಕೊಕ್ಕು ಗುಲಾಬಿ ಅಲ್ಲ, ನೀಲಿ ಬೂದು, ನೋಡಿದ್ರೆ ಮೊಂಡ ಅನ್ನಿಸತ್ತೆ. ಎದೆ ಹೊಟ್ಟೆ ಮೇಲೆ ಮಸುಕು ಮಸುಕು ಗೆರೆಗಳು. ಕಣ್ಣು ಕೆಂಪು ಕಿತ್ತಳೆ. ಇಷ್ಟೆಲ್ಲಾ ಕಾಣ್ದೇ ಇದ್ರೂ ಪರ್ವಾಗಿಲ್ಲ, ಬಾಲ ನೋಡಿ: ದಪ್ಪ ಕೊಕ್ಕಿಂದು ಕೂತಲ್ಲೇ ಬಾಲನ ಆ ಕಡೆ ಈ ಕಡೆ ತಿರುಗಿಸ್ತಾ ಇರತ್ತೆ, ಒಂದು ಸಲ ನೋಡಿದ್ರೆ ಮರೆಯೋ ಅಂಥದ್ದಲ್ಲ. ನಮ್ಮ ತಿಳಿಕೊಕ್ಕಿನ ಬದನಿಕೆಗೆ ಆ ಅಭ್ಯಾಸ ಇಲ್ಲ. ಅತ್ತಿ, ಗೋಣಿ, ಅರಳಿ ಹಣ್ಣು ಬಿಟ್ಟಾಗ ದಪ್ಪ ಕೊಕ್ಕಿಂದು ಅಲ್ಲಿ ಚೆನ್ನಾಗಿ ಸಿಗತ್ತೆ.

ಕೊಡಗು, ಚಿಕ್ಕಮಗಳೂರು, ಮಲೆನಾಡ ಕಡೆಯವ್ರಿಗೆ ಎಕ್ಸ್‌ಟ್ರಾ ಹೋಂವರ್ಕು, ಯಾಕಂದ್ರೆ ಅಲ್ಲಿ ನೀಲಗಿರಿ ಬದನಿಕೆ ಅಂತ ಮೂರನೇದು ಇದೆ, ಕಾಫಿ ತೋಟದ ಮರಗಳಲ್ಲಿ ಓಡಾಡತ್ತೆ. ಅದರ ಕೊಕ್ಕು ಕಪ್ಪು ಕಡೆಗೆ, ಕಣ್ಣ ಮೇಲೆ ಮಸುಕಾದ ಬಿಳಿ ಹುಬ್ಬು, ಹೊಟ್ಟೆ ಇನ್ನೂ ಬಿಳುಪು. ಗುಲಾಬಿ ಕೊಕ್ಕು ಕಂಡ್ರೆ ಮಾತ್ರ ತಿಳಿಕೊಕ್ಕಿನ ಬದನಿಕೆ ಅಂತ ಬರ್ಕೊಳಿ, ಡೌಟ್ ಇದ್ರೆ ಬರೀ "ಬದನಿಕೆ ಜಾತಿ" ಅಂತ ಬಿಡಿ, ಯಾರೂ ಮಾರ್ಕ್ಸ್ ಕಟ್ ಮಾಡಲ್ಲ.

ಹಂತ 4: ತಿನ್ನೋದನ್ನ ನೋಡೋದು

ಹಕ್ಕಿ ಸಿಕ್ತು, ಲಿಸ್ಟಲ್ಲಿ ಟಿಕ್ ಹಾಕಿ ಮುಂದಕ್ಕೆ ಹೋಗ್ತಾರೆ ಬಹಳ ಜನ. ಬೇಡ. ಬದನಿಕೆಯ ಮಜಾ ಶುರುವಾಗೋದೇ ಇಲ್ಲಿಂದ. ಗಸಗಸೆ ಹಣ್ಣು ಅದರ ತಲೆಯಷ್ಟೇ ದಪ್ಪ ಇರತ್ತೆ, ನುಂಗೋಕೆ ಆಗಲ್ಲ, ಹಾಗಾಗಿ ಸಿಪ್ಪೆ ತೂತು ಮಾಡಿ ಒಳಗಿನ ತಿರುಳು ಬೀಜ ಎಲ್ಲಾ ಎಳ್ಕೊಂಡು ಸಿಪ್ಪೆ ಅಲ್ಲೇ ಬಿಡತ್ತೆ. ಗಸಗಸೆ ಮರದ ಹತ್ರ ಕಾಯೋವಾಗ ಪಿಕಳಾರ, ಕೋಗಿಲೆ, ಕಂಚುಕುಟಿಗ, ಅಳಿಲು ಎಲ್ಲಾ ಬಂದು ಹೋಗ್ತಾ ಇರ್ತವೆ, ದೊಡ್ಡವು ಬಂದಾಗ ಬದನಿಕೆ ಮರದ ತುದಿ ಕೊಂಬೆಗೆ ಹೋಗಿ ಅಲ್ಲಿ ಕೆಲಸ ಮುಂದುವರಿಸತ್ತೆ, ತೂಕನೇ ಇಲ್ವಲ್ಲ, ಕಡ್ಡಿ ತುದಿನೂ ಬಾಗಲ್ಲ.

ಬಂದಳಿಕೆ ಹಣ್ಣಿನ ವಿಷಯ ಬೇರೆ. ಅದು ಸುಮಾರು 1 ಸೆಂಟಿಮೀಟರ್ ಇರತ್ತೆ, ಒಳಗೆ ಒಂದೇ ಬೀಜ, ಬೀಜದ ಸುತ್ತ ಅಂಟು. ಎಂಥ ಅಂಟು ಅಂದ್ರೆ ಕೈಗೆ ಹತ್ತಿದ್ರೆ ತೊಳೆದ್ರೂ ಹೋಗಲ್ಲ, ಒಂದು ಬೆರಳಿಂದ ತೆಗೆಯೋಕೆ ಹೋದ್ರೆ ಇನ್ನೊಂದಕ್ಕೆ ಅಂಟ್ಕೊಳತ್ತೆ. ಬದನಿಕೆ ಇದನ್ನ ಇಡಿಯಾಗಿ ನುಂಗತ್ತೆ. ನುಂಗಿ ಒಂದಷ್ಟು ಹೊತ್ತು ಸುಮ್ನೆ ಕೂರತ್ತೆ, ಈ ಓಡಾಡೋ ಹಕ್ಕಿ ಸುಮ್ನೆ ಕೂತಿದೆ ಅಂದ್ರೆ ಏನೋ ನಡೀತಿದೆ ಅಂತಾನೇ ಅರ್ಥ, ಕಣ್ಣು ತೆಗೀಬೇಡಿ. ಕೆಲವೇ ನಿಮಿಷದಲ್ಲಿ ಬೀಜ ಹಿಂದಿಂದ ಆಚೆ ಬರತ್ತೆ, ಅಂಟು ಹಾಗೇ ಇರತ್ತೆ. ಅಂಟು ಇರೋದ್ರಿಂದ ಬೀಜ ಕೆಳಗೆ ಬೀಳಲ್ಲ, ಹಿಂದೆ ನೂಲು ಬಿಟ್ಕೊಂಡು ನೇತಾಡತ್ತೆ. ಆಗ ಹಕ್ಕಿ ಕೊಂಬೆ ಉದ್ದಕ್ಕೂ ಮೈ ತಿರುಗಿಸ್ಕೊಂಡು, ಆ ಕಡೆ ಈ ಕಡೆ ಕಾಲು ಸರಿಸ್ತಾ, ಹಿಂಭಾಗನ ಕೊಂಬೆಗೆ ಒರೆಸತ್ತೆ. ಬೀಜ ಕೊಂಬೆಗೆ ಅಂಟ್ಕೊಳತ್ತೆ. ಹಕ್ಕಿ ಹಗುರ ಆಗಿ ಮತ್ತೆ ಟಿಕ್ ಟಿಕ್ ಅಂತ ಮುಂದಿನ ಹಣ್ಣಿಗೆ.

ಅಷ್ಟು ಬೇಗ ಆಚೆ ಬರೋಕೆ ಕಾರಣ ಅದರ ಹೊಟ್ಟೆಯ ರಚನೆ. ಹುಳ, ಜೇಡ ತಿಂದ್ರೆ ಅದು ಅರೆಯೋಕೆ ಪಕ್ಕದ ಚೀಲದಂಥ ಜಠರಕ್ಕೆ ಹೋಗತ್ತೆ. ಹಣ್ಣು ತಿಂದ್ರೆ ಆ ಚೀಲನ ಬೈಪಾಸ್ ಮಾಡಿ ನೇರವಾಗಿ ಕರುಳಿಗೆ ಇಳಿಯತ್ತೆ. ಬೀಜಕ್ಕೆ ಏನೂ ಆಗದೆ ಆಚೆ ಬರೋದು ಅದಕ್ಕೇ. ಬಂದಳಿಕೆ ಬೀಜ ನೆಲಕ್ಕೆ ಬಿದ್ರೆ ಕೆಲಸಕ್ಕೆ ಬರಲ್ಲ, ಬದುಕಿರೋ ಕೊಂಬೆ ಮೇಲೇ ಕೂರ್ಬೇಕು. ಹಾಗಂತ ಹಕ್ಕಿ ನೋಡಿ ನೋಡಿ ಮಾವಿನ ಕೊಂಬೆಗೇ ಒರೆಸತ್ತೆ ಅಂತೇನಿಲ್ಲ, ಕರೆಂಟ್ ವೈರ್ ಮೇಲೂ ಒರೆಸಬಹುದು, ಅಲ್ಲೂ ಬೀಜ ಮೊಳಕೆ ಒಡೆಯತ್ತೆ, ಆಮೇಲೆ ನೀರಿಲ್ದೆ ಒಣಗತ್ತೆ ಅಷ್ಟೇ.

ಹಣ್ಣು ಆದ್ಮೇಲೆ ಮಾತ್ರ ಅಲ್ಲ, ಹೂವಿನ ಟೈಮಲ್ಲೂ ಬದನಿಕೆ ಇಲ್ಲಿಗೆ ಬರತ್ತೆ. ಬಂದಳಿಕೆಯ ಮೊಗ್ಗಿನ ತುದಿನ ಹಕ್ಕಿ ಕೊಕ್ಕಲ್ಲಿ ಒತ್ತಿದ್ರೆ ಮೊಗ್ಗು ಪಟ್ ಅಂತ ಬಿಚ್ಕೊಂಡು ಪರಾಗ ಹಕ್ಕಿ ಮುಖಕ್ಕೆ ಹತ್ತತ್ತೆ, ಸೂರಕ್ಕಿನೂ ಇದೇ ಕೆಲಸ ಮಾಡತ್ತೆ. ಅಂದ್ರೆ ಪರಾಗ ಹಂಚೋದೂ ಇವೇ, ಬೀಜ ಹಂಚೋದೂ ಇವೇ. ಕೊಂಕಣದಲ್ಲಿ ಇದನ್ನ ಕೂತು ನೋಡಿ ಪಕ್ಷಿತಜ್ಞ ಸಲೀಂ ಅಲಿ 1931ರಲ್ಲೇ ಬರೆದಿದ್ದಾರೆ. 1980ರ ದಶಕದಲ್ಲಿ ಪರಿಸರ ವಿಜ್ಞಾನಿ ಪ್ರಿಯಾ ದಾವಿದಾರ್ ಅವ್ರು ನೀಲಗಿರಿಯಲ್ಲಿ ಸ್ಟಡಿ ಮಾಡಿ ಕೆಲವು ಬಂದಳಿಕೆ ಜಾತಿಗಳ ಹೂವು ಹಣ್ಣಿನ ಥರಾನೇ ಕಾಣತ್ತೆ ಅಂತ ತೋರಿಸಿದ್ರು, ಹಣ್ಣು ತಿನ್ನೋಕೆ ಬರೋ ಬದನಿಕೆ ಹೂವಿಗೂ ಬಾಯಿ ಹಾಕತ್ತೆ, ಗಿಡಕ್ಕೆ ಎರಡೂ ಕೆಲಸ ಆಯ್ತು. ಆಸ್ಟ್ರೇಲಿಯಾದಲ್ಲೂ ಇದೇ ಕುಟುಂಬದ ಹಕ್ಕಿ ಒಂದಿದೆ, ಅಲ್ಲಿನ ಬಂದಳಿಕೆಗೆ ಅದೇ ಕೊರಿಯರ್.

ಇಲ್ಲಿ ಮಾವಿನ ತೋಟ ಇರೋರು ಬೈಕೋತಾ ಇರ್ತೀರ, ಗೊತ್ತು. ಕೋಲಾರ, ರಾಮನಗರ ಕಡೆ ಹಳೇ ತೋಟಗಳಲ್ಲಿ ಬಂದಳಿಕೆ ದೊಡ್ಡ ಕಾಟನೇ. ಅದು ತನ್ನ ಎಲೇಲಿ ತಾನೇ ಆಹಾರ ಮಾಡ್ಕೊಳತ್ತೆ, ಆದ್ರೆ ನೀರು ಖನಿಜ ಎಲ್ಲಾ ಮಾವಿನ ಕೊಂಬೆಯೊಳಗೆ ಇಳಿದು ಹೀರತ್ತೆ, ಅದರಿಂದ ಆಚೆಗಿನ ಕೊಂಬೆ ಸೊರಗಿ ಒಣಗತ್ತೆ. ಅದಕ್ಕೆ ಹಕ್ಕಿ ಓಡಿಸೋದು ಪರಿಹಾರ ಅಲ್ಲ, ಆಗೋದೂ ಇಲ್ಲ. ಬಂದಳಿಕೆ ಹಣ್ಣು ಬಿಡೋಕೆ ಮುಂಚೆ ಕತ್ತರಿಸಿ. ಬರೀ ಗುಪ್ಪೆ ಮುರಿದ್ರೆ ಮತ್ತೆ ಚಿಗುರತ್ತೆ, ಅದು ಕೂತಿರೋ ಜಾಗದಿಂದ ಕಾಂಡದ ಕಡೆಗೆ ಒಂದಡಿ ಬಿಟ್ಟು ಕೊಂಬೆನೇ ತೆಗೀಬೇಕು. ಹಣ್ಣು ಬಿಡದಿದ್ರೆ ಹಕ್ಕಿ ಹರಡೋಕೆ ಬೀಜಾನೇ ಇರಲ್ಲ. ತೋಟದ ವಿಷಯ ಇಷ್ಟು. ಆದ್ರೆ ಪಾರ್ಕಿನ ಹೊಂಗೆ, ರಸ್ತೆ ಬದಿ ದೊಡ್ಡ ಮರದಲ್ಲಿ ಒಂದೆರಡು ಗುಪ್ಪೆ ಇದ್ರೆ ಅದನ್ನೂ "ರೋಗ ಬಂದಿದೆ" ಅಂತ ಕಡಿಸೋದು ನನ್ನ ಪ್ರಕಾರ ಅತಿ. ಬದನಿಕೆ ಅಲ್ದೆ ಸೂರಕ್ಕಿಗಳೂ ಆ ಹೂವಿಗೆ ಬಂದು ಹೋಗ್ತವೆ, ಬೆಳೆದ ಗಟ್ಟಿ ಮರಕ್ಕೆ ಅಷ್ಟರಿಂದ ಏನೂ ಆಗಲ್ಲ.

ಹಂತ 5: ಗೂಡು

ಫೆಬ್ರವರಿಯಿಂದ ಜೂನ್ ತನಕ ಮೇನ್ ಸೀಸನ್. ಗೂಡು ಹುಡುಕ್ಕೊಂಡು ಕೊಂಬೆ ಎಲ್ಲಾ ಅಲ್ಲಾಡಿಸಿ ನೋಡೋದಲ್ಲ, ಹಕ್ಕಿ ಬಾಯಲ್ಲಿ ಏನಿದೆ ನೋಡಿ. ಬೂರುಗದ ಹತ್ತಿ, ಎಕ್ಕದ ಬೀಜದ ರೇಷ್ಮೆ, ಜೇಡರ ಬಲೆ ಇಂಥದ್ದು ಕೊಕ್ಕಲ್ಲಿ ಸಿಕ್ಕಿಸ್ಕೊಂಡು ಒಂದೇ ದಿಕ್ಕಿಗೆ ಮತ್ತೆ ಮತ್ತೆ ಹೋಗ್ತಾ ಇದ್ರೆ ಗೂಡು ಅಲ್ಲೇ ಎಲ್ಲೋ ಇದೆ. ಜೇಡರ ಬಲೆ ಕೀಳೋದು ನೋಡೋಕೆ ಚಂದ, ಗೋಡೆ ಮೂಲೆ, ಗ್ರಿಲ್ ಸಂದಿಯಿಂದ್ಲೂ ಕೀಳತ್ತೆ, ಮನೆ ಕ್ಲೀನ್ ಮಾಡೋರು ಹೊರಗಡೆ ಕೆಲವು ಬಲೆ ಬಿಟ್ರೆ ಉಪಕಾರ.

ಗೂಡು ಅಜ್ಜಿಯ ಎಲೆ ಅಡಿಕೆ ಸಂಚಿ ಥರ ಇರತ್ತೆ, ಅಷ್ಟೇ ಮೆತ್ತಗೆ, ಅಷ್ಟೇ ಜೋತು ಬಿದ್ದಿರೋದು. ಸಣ್ಣ ಕೊಂಬೆಯಿಂದ ನೇತಾಡ್ತಾ, ಸಾಮಾನ್ಯವಾಗಿ ನಮ್ಮ ತಲೆಗಿಂತ ಮೇಲೆ, ಎಲೆ ಮರೆಯಲ್ಲಿ. ನಾರು ಹತ್ತಿ ಎಲ್ಲಾ ಜೇಡರ ಬಲೆಯಿಂದ ಒತ್ತಿ ಒತ್ತಿ ಕೂಡಿಸಿರೋದ್ರಿಂದ ಹೊರಗಿಂದ ನುಣ್ಣಗೆ ಕಾಣತ್ತೆ, ಬಣ್ಣ ಮಾಸಲು ಕಂದು, ಒಣಗಿದ ಎಲೆ ಒಂದು ಸುರುಳಿ ಸುತ್ಕೊಂಡಿದೆ ಅಂತ ಎಷ್ಟೋ ಸಲ ದಾಟಿ ಹೋಗ್ತೀವಿ. ಬಾಗಿಲು ಪಕ್ಕದಲ್ಲಿ, ಮೇಲ್ಗಡೆಗೆ.

ಸೂರಕ್ಕಿ ಗೂಡೂ ನೇತಾಡೋದೇ, ಹಾಗಾಗಿ ವ್ಯತ್ಯಾಸ ತಿಳ್ಕೊಂಡಿರಿ. ಸೂರಕ್ಕಿದು ಗಲೀಜು ಕೆಲಸ, ಬೇಕಂತಾನೇ, ಹೊರಗಡೆ ತೊಗಟೆ ಚೂರು, ಕಂಬಳಿಹುಳದ ಹಿಕ್ಕೆ, ಹಳೇ ಜೇಡರ ಮೊಟ್ಟೆ ಗೂಡು ಎಲ್ಲಾ ಅಂಟಿಸಿರತ್ತೆ, ಬಾಗಿಲ ಮೇಲೆ ಸಜ್ಜೆ ಹಾಕಿರತ್ತೆ, ಕೆಳಗೆ ಬಾಲದಂತೆ ಕಸ ನೇತಾಡತ್ತೆ. ಬದನಿಕೆ ಗೂಡಿಗೆ ಸಜ್ಜೆನೂ ಇಲ್ಲ, ಬಾಲನೂ ಇಲ್ಲ. ಜೊತೆಗೆ ಸೂರಕ್ಕಿ ಕೆಳಗಡೆನೂ ಕಟ್ಟತ್ತೆ, ಬಟ್ಟೆ ಒಣಗಾಕೋ ಹಗ್ಗ, ವರಾಂಡದ ವೈರ್ ಏನು ಸಿಕ್ಕಿದ್ರೂ ಸರಿ.

ಮೊಟ್ಟೆ ಸಾಮಾನ್ಯವಾಗಿ ಎರಡು, ಒಮ್ಮೊಮ್ಮೆ ಮೂರು, ಅಚ್ಚ ಬಿಳಿ, ಚುಕ್ಕೆ ಇಲ್ಲ. ದಪ್ಪ ಕೊಕ್ಕಿನದ್ದಕ್ಕೆ ಚುಕ್ಕೆ ಇರತ್ತೆ. ಇದನ್ನ ಹೇಳಿದೆ ಅಂತ ಗೂಡೊಳಗೆ ಇಣುಕಿ ಚೆಕ್ ಮಾಡೋಕೆ ಹೋಗ್ಬೇಡಿ ಮತ್ತೆ. ಗಂಡು ಹೆಣ್ಣು ಎರಡೂ ಮರಿಗೆ ತಿನ್ನಿಸ್ತವೆ, ಹುಳ, ಚಿಕ್ಕ ಜೇಡ, ಹಣ್ಣು ಎಲ್ಲಾ. ಮರಿ ಇರೋ ಟೈಮಲ್ಲಿ ಹೋಗಿ ಬರೋ ಸ್ಪೀಡ್ ನೋಡಿದ್ರೆನೇ ನಮಗೆ ಸುಸ್ತಾಗತ್ತೆ.

ಗೂಡು ಸಿಕ್ಕಿದ್ರೆ

ಹತ್ತು ಹದಿನೈದು ಮೀಟರ್ ದೂರದಿಂದ ನೋಡಿ. ಗೂಡಿಗೆ ಅಡ್ಡ ಬಂದಿರೋ ಎಲೆ ಕಟ್ ಮಾಡಿ ಕ್ಲಿಯರ್ ಫೋಟೋ ತೆಗೆಯೋರನ್ನ ನೋಡಿದೀನಿ, ಅದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ, ಆ ಎಲೆನೇ ಮರಿಗಳಿಗೆ ನೆರಳು, ಕಾಗೆ ಕೆಂಬೂತದಿಂದ ಮರೆ. ಹಕ್ಕಿ ಬಾಯಲ್ಲಿ ಹುಳ ಇಟ್ಕೊಂಡು ಗೂಡಿಗೆ ಹೋಗ್ದೆ ಪಕ್ಕದ ಕೊಂಬೇಲಿ ಕೂತು ಟಿಕ್ ಟಿಕ್ ಅಂತ ಬೈತಾ ಇದ್ರೆ ನೀವು ತುಂಬಾ ಹತ್ರ ಇದೀರ ಅಂತ, ಹಿಂದೆ ಸರೀರಿ. ಗೂಡಿರೋ ಜಾಗನ ಫೋಟೋ ಜೊತೆ ಲೊಕೇಶನ್ ಹಾಕಿ ಗ್ರೂಪಲ್ಲಿ ಶೇರ್ ಮಾಡ್ಬೇಡಿ, ಮಾರನೇ ದಿನ ಅಲ್ಲಿ ಕ್ಯಾಮೆರಾ ಜಾತ್ರೆ ಸೇರತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡೋದು, ಗೂಡು ಡಿಸ್ಟರ್ಬ್ ಮಾಡೋದು ಕೂಡ "ಬೇಟೆ" ಅನ್ನೋದರ ಒಳಗೇ ಬರತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಮರಿ ಕೆಳಗೆ ಬಿದ್ದಿದ್ರೆ ಏನು ಮಾಡೋದು ಅಂತ ಕೇಳ್ತಾರೆ. ಪುಕ್ಕ ಬಂದಿದ್ದು ಕುಪ್ಪಳಿಸ್ತಾ ಇದ್ರೆ ಹತ್ತಿರದ ಕೊಂಬೆ ಮೇಲೆ ಬೆಕ್ಕಿಗೆ ಸಿಗದ ಹಾಗೆ ಕೂರಿಸಿ ದೂರ ಹೋಗಿ, ಅಪ್ಪ ಅಮ್ಮ ಬಂದು ನೋಡ್ಕೊಳ್ತವೆ. ಮನುಷ್ಯರು ಮುಟ್ಟಿದ್ರೆ ಹಕ್ಕಿ ಮರಿನ ಬಿಟ್ಟುಬಿಡತ್ತೆ ಅನ್ನೋದು ಸುಳ್ಳು. ಗೂಡೇ ಕಿತ್ಕೊಂಡು ಬಿದ್ದಿದ್ರೆ ಮೇಲ್ಗಡೆ ತುದಿನ ದಾರದಿಂದ ಅದೇ ಕೊಂಬೆಗೆ, ಇಲ್ಲಾ ಪಕ್ಕದ್ದಕ್ಕೆ, ಬಾಗಿಲು ಮುಚ್ಚದ ಹಾಗೆ ಕಟ್ಟಿ. ಹಾಲು, ಬ್ರೆಡ್, ಅನ್ನ ಏನೂ ತಿನ್ನಿಸ್ಬೇಡಿ, ನೀರೂ ಬಾಯಿಗೆ ಹುಯ್ಯಬೇಡಿ, ಶ್ವಾಸಕ್ಕೆ ಹೋಗತ್ತೆ. ಗಾಯ ಆಗಿದ್ರೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಇಟ್ಟು ನಿಮ್ಮ ಊರಿನ ವನ್ಯಜೀವಿ ರೆಸ್ಕ್ಯೂನವ್ರಿಗೋ ಅರಣ್ಯ ಇಲಾಖೆಗೋ ಫೋನ್ ಮಾಡಿ.

ಫೋಟೋ, ರೆಕಾರ್ಡು, ಇತರೆ

ಕ್ಯಾಮೆರಾ ಇರೋರು ಶಟರ್ ಸ್ಪೀಡ್ 1/1000ಕ್ಕಿಂತ ಕೆಳಗೆ ಇಳಿಸ್ಬೇಡಿ, ಹಕ್ಕಿ ನಿಂತ್ರೂ ಕೊಂಬೆ ನಿಲ್ಲಲ್ಲ. ಒಂದು ಹಣ್ಣಾಗಿರೋ ಕೊಂಬೆ ಸೆಲೆಕ್ಟ್ ಮಾಡಿ ಅಲ್ಲಿಗೇ ಫೋಕಸ್ ಇಟ್ಟು ಕಾಯೋದು, ಹಕ್ಕಿ ಹಿಂದೆ ಲೆನ್ಸ್ ತಿರುಗಿಸ್ತಾ ಹೋದ್ರೆ ಬರೀ ಎಲೆ ಫೋಟೋ ಸಿಗತ್ತೆ. ಬೈನಾಕ್ಯುಲರ್ ತಗೋಳೋದಿದ್ರೆ 8x42 (8 ಪಟ್ಟು ಹತ್ರ ತೋರಿಸೋ, 42 ಮಿಲಿಮೀಟರ್ ಲೆನ್ಸಿನದ್ದು) ಸಾಕು.

ನೋಡಿದ್ದನ್ನ ಹಕ್ಕಿ ದಾಖಲೆ ಸೇರಿಸೋ ವೆಬ್‌ಸೈಟ್ ಇಬರ್ಡ್‌ಗೆ ಹಾಕಿ, ಕೂಗು ಮಾತ್ರ ಕೇಳಿದ್ರೂ ಹಾಕಬಹುದು, ಕಾಮೆಂಟಲ್ಲಿ ಯಾವ ಮರ, ಏನು ತಿಂತಾ ಇತ್ತು ಅಂತ ಒಂದು ಸಾಲು ಬರೆದ್ರೆ ಬರೀ ನಂಬರ್‌ಗಿಂತ ನೂರು ಪಾಲು ಉಪಯೋಗ. ಫೆಬ್ರವರಿ ಮಧ್ಯದಲ್ಲಿ 4 ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯತ್ತೆ, ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಎಣಿಸೋದು, ಆಗ ನಿಮ್ಮ ಗಸಗಸೆ ಮರದ ಕೆಳಗೇ ನಿಂತ್ಕೊಳಿ, ಬದನಿಕೆಗಳು ಗೂಡು ಕಟ್ಟೋಕೆ ಶುರು ಮಾಡೋ ಟೈಮೂ ಅದೇ.

ಕೊನೇದಾಗಿ ಮನೆ, ಅಪಾರ್ಟ್‌ಮೆಂಟ್ ಕಡೆ ಮರ ಟ್ರಿಮ್ ಮಾಡಿಸೋರಿಗೆ ಒಂದು ಮಾತು. ಫೆಬ್ರವರಿಯಿಂದ ಜೂನ್ ಬಿಟ್ಟು ಬೇರೆ ಟೈಮ್ ಇಟ್ಕೊಳಿ. ಮಳೆಗಾಲಕ್ಕೆ ಮುಂಚೆ ಕಡೀಲೇಬೇಕು, ಕೊಂಬೆ ವೈರ್‌ಗೆ ತಾಗ್ತಿದೆ ಅಂದ್ರೆ ಹಿಂದಿನ ದಿನ ಬೆಳಿಗ್ಗೆ ಅರ್ಧ ಗಂಟೆ ಕೆಳಗೆ ನಿಂತು ಯಾವ ಕೊಂಬೆಗೆ ಹಕ್ಕಿ ಹೋಗಿ ಬರ್ತಿದೆ ನೋಡಿ, ಆ ಕೊಂಬೆಗೆ ಬಣ್ಣದ ಬಟ್ಟೆ ಕಟ್ಟಿ, ಮರ ಹತ್ತೋ ಅಣ್ಣಂಗೆ ಕೈ ಮಾಡಿ ತೋರಿಸಿ ಹೇಳಿ, ಬರೀ ಫೋನಲ್ಲಿ ಹೇಳಿದ್ರೆ ಇಡೀ ಮರಾನೇ ಬೋಳಿಸಿ ಹೋಗಿರ್ತಾರೆ.